ಇಂಟರ್ನೆಟ್ ಆಡಳಿತದ ಬೇಸಿಗೆ ಶಾಲೆ: ಹೋಗುವ ಮುಂಚೆ ಏನು ಓದಿಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಟರ್ನೆಟ್ ಆಡಳಿತ ಮತ್ತು ಡಿಜಿಟಲ್ ನೀತಿ ಕುರಿತ ಒಂದು ವಾರದ ಬೇಸಿಗೆ ಶಾಲೆಗೆ ಆಯ್ಕೆಯಾಗಿದ್ದೇನೆ. ಓದಿದ್ದು ಕಾನೂನು, ನೆಟ್‌ವರ್ಕ್ ವಿಷಯ ಅಷ್ಟಕ್ಕಷ್ಟೆ. ಅವರು ಕಳಿಸಿದ ಓದಿನ ಪಟ್ಟಿ ನೂರಾರು ಪುಟ ಇದೆ, ಕೈಯಲ್ಲಿರುವುದು ಮೂರು ವಾರ. ಯಾವುದನ್ನು ಓದಲಿ, ಯಾವುದನ್ನು ಬಿಡಲಿ? ಕೊನೆಯ ದಿನಗಳಲ್ಲಿ ಅಣಕು ಸಂಧಾನ ಇದೆಯಂತೆ, ಅದಕ್ಕೆ ತಯಾರಿ ಹೇಗೆ?

ಉತ್ತರ 1

ಅಭಿನಂದನೆ. ಮೊದಲು ಯಾರ ಕೈಯಲ್ಲಿ ಯಾವ ಅಧಿಕಾರ ಇದೆ ಅನ್ನುವುದನ್ನು ಬಿಡಿಸಿಕೊಳ್ಳಿ. ಇದು ಗೊತ್ತಿಲ್ಲದಿದ್ದರೆ ಮೊದಲ ದಿನವೇ ಸಂಕ್ಷಿಪ್ತ ಹೆಸರುಗಳ ಮಳೆಯಲ್ಲಿ ನೆನೆದು ಹೋಗುತ್ತೀರಿ.

ಡೊಮೇನ್ ಹೆಸರುಗಳ (ವೆಬ್‌ಸೈಟ್, ಇಮೇಲ್ ವಿಳಾಸಗಳಲ್ಲಿ ಬರುವ ಹೆಸರುಗಳ) ಮೇಲುಸ್ತುವಾರಿ ಐಕ್ಯಾನ್ ಅನ್ನುವ ಲಾಭರಹಿತ ಸಂಸ್ಥೆಯದು. ಐಪಿ ವಿಳಾಸ (ಯಂತ್ರಗಳ ಸಂಖ್ಯಾ ವಿಳಾಸ) ಹಂಚುವುದು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು: ಏಪಿನಿಕ್, ರೈಪ್ ಎನ್‌ಸಿಸಿ, ಆರಿನ್, ಲ್ಯಾಕ್ನಿಕ್, ಆಫ್ರಿನಿಕ್. ಪ್ರೋಟೋಕಾಲ್‌ಗಳನ್ನು (ಯಂತ್ರಗಳು ಪರಸ್ಪರ ಮಾತಾಡುವ ನಿಯಮಗಳನ್ನು) ರೂಪಿಸುವುದು ಐಇಟಿಎಫ್ ಅನ್ನುವ ತಂತ್ರಜ್ಞರ ಸಮುದಾಯ. ಅಲ್ಲಿ ಮತದಾನವಿಲ್ಲ, ಸ್ಥೂಲ ಒಮ್ಮತವೇ ನಿಯಮ. 2006ರಲ್ಲಿ ಅಥೆನ್ಸ್‌ನಲ್ಲಿ ಶುರುವಾದ ಐಜಿಎಫ್ (ವಿಶ್ವಸಂಸ್ಥೆಯ ಇಂಟರ್ನೆಟ್ ಆಡಳಿತ ಸಭೆ) ಬರೀ ಚರ್ಚೆಯ ವೇದಿಕೆ, ಅದರ ಮಾತು ಯಾರನ್ನೂ ಕಟ್ಟಿಹಾಕುವುದಿಲ್ಲ. ಕಾನೂನು ಓದಿದವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಐಕ್ಯಾನ್ ವೆಬ್‌ಸೈಟ್‌ಗಳ ವಿಷಯವನ್ನೂ ನಿಯಂತ್ರಿಸುತ್ತದೆ ಅಂದುಕೊಳ್ಳುತ್ತಾರೆ. ಅದರ ಉಪನಿಯಮಗಳಲ್ಲೇ ಆ ಅಧಿಕಾರ ಇಲ್ಲ ಅಂತ ಇದೆ.

ಪೂರ್ತಿ ಓದಲೇಬೇಕಾದ್ದು ಒಂದಿದ್ದರೆ, 2005ರ ಟ್ಯುನಿಸ್ ಕಾರ್ಯಸೂಚಿ (ಮಾಹಿತಿ ಸಮಾಜದ ಕುರಿತ ವಿಶ್ವಸಂಸ್ಥೆಯ ಶೃಂಗಸಭೆ ಒಪ್ಪಿದ ದಾಖಲೆ). ಅದರಲ್ಲೂ 34ನೇ ಪ್ಯಾರಾ (ಇಂಟರ್ನೆಟ್ ಆಡಳಿತದ ವ್ಯಾಖ್ಯೆ), 35 (ಯಾರ ಪಾತ್ರ ಏನು), 69 (ಸರ್ಕಾರಗಳ ಪಾತ್ರಕ್ಕಾಗಿ ಹೆಚ್ಚಿನ ಸಹಕಾರ) ಮತ್ತು 72 (ಐಜಿಎಫ್ ಸ್ಥಾಪನೆ). ಇವತ್ತಿನ ಜಗಳಗಳೆಲ್ಲ ಈ ನಾಲ್ಕು ಪ್ಯಾರಾಗಳ ಸುತ್ತಲೇ ಸುತ್ತುತ್ತವೆ. ಆಮೇಲೆ 2024ರ ವಿಶ್ವಸಂಸ್ಥೆಯ ಜಾಗತಿಕ ಡಿಜಿಟಲ್ ಒಪ್ಪಂದ ಓದಿ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು. ಐಯಾನಾ ಕೆಲಸಗಳ (ಹೆಸರು, ವಿಳಾಸಗಳ ಮೂಲ ಪಟ್ಟಿಗಳ ನಿರ್ವಹಣೆಯ) ಮೇಲಿದ್ದ ಅಮೆರಿಕ ಸರ್ಕಾರದ ಒಪ್ಪಂದ 2016ರ ಅಕ್ಟೋಬರ್ 1ರಂದು ಹೇಗೆ, ಯಾಕೆ ಕೊನೆಯಾಯಿತು ಅನ್ನುವುದನ್ನೂ ತಿಳಿದುಕೊಳ್ಳಿ. ಉಳಿದ ವರದಿಗಳ ಸಾರಾಂಶ ಸಾಕು.

ಉತ್ತರ 2

ಮೇಲಿನ ಪಟ್ಟಿ ಸರಿಯಾಗಿದೆ, ಆದರೆ ಮೂರರಲ್ಲಿ ಒಂದು ವಾರವನ್ನು ತಂತ್ರಜ್ಞಾನಕ್ಕೇ ಮೀಸಲಿಡಿ. ಇಲ್ಲದಿದ್ದರೆ ನೀತಿಯ ಮಾತು ಗಾಳಿಯಲ್ಲಿ ಗುದ್ದಾಟ ಆಗುತ್ತದೆ.

ಉದಾಹರಣೆಗೆ, 'ಈ ಸೈಟ್ ನಿರ್ಬಂಧಿಸಿ' ಅಂತ ಒಂದು ನ್ಯಾಯಾಲಯ ಆದೇಶಿಸಿತು ಅಂದುಕೊಳ್ಳಿ. ಜಾರಿ ಎಲ್ಲಿ? ಇಂಟರ್ನೆಟ್ ಪೂರೈಕೆದಾರರ ರಿಸಾಲ್ವರ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್‌ನಲ್ಲಿ) ತಡೆದರೆ ಬಳಕೆದಾರ ಬೇರೆ ರಿಸಾಲ್ವರ್ ಹಾಕಿಕೊಂಡರೆ ಸಾಕು, ತಡೆ ತಪ್ಪುತ್ತದೆ. ಐಪಿ ವಿಳಾಸವನ್ನೇ ತಡೆದರೆ, ಅದೇ ವಿಳಾಸದ ಹಿಂದೆ ಇರುವ ಸಂಬಂಧವೇ ಇಲ್ಲದ ಸಾವಿರಾರು ಸೈಟ್‌ಗಳೂ ಬೀಳುತ್ತವೆ. ಸಿಡಿಎನ್ (ಹಲವು ಸೈಟ್‌ಗಳ ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟು ಒದಗಿಸುವ ಸರ್ವರ್ ಜಾಲ) ಬಳಸುವ ಸೈಟ್‌ಗಳಲ್ಲಿ ಹೀಗಾಗುವುದು ಹೆಚ್ಚು. ರಿಜಿಸ್ಟ್ರಿ (.com ಥರದ ಮೇಲ್ಮಟ್ಟದ ಡೊಮೇನ್‌ನ ಹೆಸರುಗಳ ದಾಖಲೆ ಇಡುವ ಸಂಸ್ಥೆ) ಮಟ್ಟದಲ್ಲಿ ಹೆಸರನ್ನೇ ಅಮಾನತು ಮಾಡಿದರೆ, ಒಂದು ದೇಶದ ಆದೇಶ ಇಡೀ ಜಗತ್ತಿಗೆ ಅನ್ವಯವಾದಂತೆ, ಜೊತೆಗೆ ಆ ಹೆಸರಿನ ಇಮೇಲ್ ಕೂಡ ನಿಲ್ಲುತ್ತದೆ. ಅತಿ ಕಡಿಮೆ ಹಾನಿಯಾಗುವುದು ವಿಷಯ ಇರುವ ಸರ್ವರ್‌ನಲ್ಲೇ ತೆಗೆಸಿದಾಗ, ಆದರೆ ಆ ಸರ್ವರ್ ಬೇರೆ ದೇಶದಲ್ಲಿರಬಹುದು. ಅನುಪಾತದ ತತ್ವ (ಗುರಿಗೆ ಬೇಕಾದಷ್ಟೇ ನಿರ್ಬಂಧ) ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಈ ನಾಲ್ಕು ಮಟ್ಟಗಳಿಗೆ ಹಚ್ಚಿ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ಡಿಗ್ (ಡೊಮೇನ್ ಹೆಸರು ಹುಡುಕುವ ಸಾಧನ) ಹಾಕಿಕೊಂಡು, ಟ್ರೇಸ್ ಆಯ್ಕೆ ಕೊಟ್ಟು ಒಂದು ಹೆಸರು ಹುಡುಕಿ. ಮೊದಲು ರೂಟ್ (ಹೆಸರು ವ್ಯವಸ್ಥೆಯ ತುತ್ತತುದಿ), ಆಮೇಲೆ ಮೇಲ್ಮಟ್ಟದ ಡೊಮೇನ್, ಕೊನೆಗೆ ಆ ಹೆಸರಿನ ಅಧಿಕೃತ ಸರ್ವರ್: ಈ ಮೂರು ಹಂತ ಕಣ್ಣೆದುರೇ ಕಾಣುತ್ತದೆ. ರೂಟ್ ಸರ್ವರ್‌ಗಳು 13 ಮಾತ್ರ ಅಂತ ವಾದಿಸಲು ಹೋಗಬೇಡಿ. 13 ಇರುವುದು ಹೆಸರುಗಳು, ಎನಿಕಾಸ್ಟ್ (ಒಂದೇ ಐಪಿ ವಿಳಾಸವನ್ನು ಹಲವು ಕಡೆಯ ಯಂತ್ರಗಳು ಹಂಚಿಕೊಳ್ಳುವ ವಿಧಾನ) ಮೂಲಕ ಅವುಗಳ ಯಂತ್ರಗಳು ಲೋಕದ ತುಂಬ ಹರಡಿವೆ.

ಉತ್ತರ 3

ಅಣಕು ಸಂಧಾನದ ಬಗ್ಗೆ. ನಿಮಗೆ ಸರ್ಕಾರ, ಕಂಪನಿ, ನಾಗರಿಕ ಸಮಾಜ, ತಾಂತ್ರಿಕ ಸಮುದಾಯ ಇವುಗಳಲ್ಲಿ ಒಂದು ಪಾತ್ರ ಕೊಡುತ್ತಾರೆ, ಹೆಚ್ಚಾಗಿ ನಿಮ್ಮ ನಿಲುವಿಗೆ ವಿರುದ್ಧವಾದದ್ದನ್ನೇ. ಸ್ವಂತ ಅಭಿಪ್ರಾಯ ಬದಿಗಿಟ್ಟು ಆ ಪಾತ್ರದ ಹಿತಾಸಕ್ತಿ ಹಿಡಿದು ಮಾತಾಡಿ.

ಕರಡಿನಲ್ಲಿ ಚೌಕ ಆವರಣದೊಳಗೆ ಇರುವುದೆಲ್ಲ ಇನ್ನೂ ಒಪ್ಪಿಗೆಯಾಗದ ಪಠ್ಯ. ವಾಕ್ಯ ಹಿಡಿಸಲಿಲ್ಲ ಅಂತ ಭಾಷಣ ಮಾಡಿದರೆ ಅಧ್ಯಕ್ಷರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. '4ನೇ ಪ್ಯಾರಾ, ಎರಡನೇ ಸಾಲು, ಈ ಪದ ತೆಗೆದು ಈ ಪದ ಹಾಕಿ' ಅನ್ನಿ, ಕಾರಣ ಒಂದೇ ವಾಕ್ಯದಲ್ಲಿ ಹೇಳಿ. ಹೋಗುವ ಮುಂಚೆಯೇ ಮೂರು ಪಟ್ಟಿ ಮಾಡಿಕೊಳ್ಳಿ: ಬಿಟ್ಟುಕೊಡಲಾಗದ್ದು, ಬದಲಿಗೆ ಏನಾದರೂ ಸಿಕ್ಕರೆ ಬಿಡಬಹುದಾದದ್ದು, ಬಿಟ್ಟರೂ ನಷ್ಟವಿಲ್ಲದ್ದು. ಮೂರನೆಯದು ಉದ್ದ ಇದ್ದಷ್ಟೂ ಒಳ್ಳೆಯದು, ಚೌಕಾಸಿಗೆ ಅದೇ ಬಂಡವಾಳ.

ಗುಂಪುಗಳು ಸೋಲುವುದು ಹೆಚ್ಚಾಗಿ ಸಮಯದಿಂದ. ಮುನ್ನುಡಿಯ ವಿಶೇಷಣಗಳಿಗೆ ಅರ್ಧ ದಿನ ಕಳೆದು, ಯಾರು ಏನು ಮಾಡಬೇಕು ಅನ್ನುವ ಪ್ಯಾರಾ ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ಕಾರ್ಯಕಾರಿ ಪ್ಯಾರಾಗಳಿಂದ ಶುರು ಮಾಡೋಣ ಅಂತ ಮೊದಲ ಹತ್ತು ನಿಮಿಷದಲ್ಲೇ ಸೂಚಿಸಿ. ಒಪ್ಪಂದಗಳೆಲ್ಲ ಕುದುರುವುದು ಚಹಾ ವಿರಾಮದಲ್ಲಿ, ಆದ್ದರಿಂದ ನಿಮ್ಮ ತಿದ್ದುಪಡಿಯ ಮುದ್ರಿತ ಪ್ರತಿ ಐದಾರು ಕೈಯಲ್ಲಿರಲಿ.

ಮತ್ತೊಂದು, ಚ್ಯಾಥಮ್ ಹೌಸ್ ನಿಯಮ ಇದೆ ಅಂತ ಹೇಳಿದ ಅವಧಿಯಲ್ಲಿ ಕೇಳಿದ್ದನ್ನು ಬಳಸಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು ಅಂತ ಎಲ್ಲೂ ಬರೆಯುವಂತಿಲ್ಲ. ಮೊಬೈಲ್‌ನಲ್ಲಿ ಪೋಸ್ಟ್ ಹಾಕುವ ಮುಂಚೆ ಆ ಅವಧಿಗೆ ನಿಯಮ ಇದೆಯಾ ಅಂತ ಆಯೋಜಕರನ್ನೇ ಕೇಳಿ.