1986ರ ಅಂಬಾಸಿಡರ್‌ಗೆ ಎಸಿ: ಬಳ್ಳಾರಿಯ ಬಿಸಿಲಿನಲ್ಲಿ ಎಂಜಿನ್ ತಡೆದೀತೇ?

ಬಳ್ಳಾರಿ ಬಿಳಿಗಾಡಿ: ನಮ್ಮ ತಂದೆಯವರ 1986ರ ಅಂಬಾಸಿಡರ್ ಮಾರ್ಕ್ 4 ಇನ್ನೂ ಓಡುತ್ತಿದೆ. 1489 ಸಿಸಿ ಪೆಟ್ರೋಲ್ ಎಂಜಿನ್, ಮೊದಲಿನದೇ. ಏಪ್ರಿಲ್ ಬಂತೆಂದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಪ್ಪನಿಗೆ ಈ ವಯಸ್ಸಿನಲ್ಲಿ ಬಿಸಿಗಾಳಿಗೆ ಮುಖವೊಡ್ಡಿ ಹೊಸಪೇಟೆಯವರೆಗೆ ಕೂರಲು ಆಗುವುದಿಲ್ಲ, ಆದರೆ ಬೇರೆ ಕಾರು ಹತ್ತಲು ಅವರು ಒಪ್ಪುವುದಿಲ್ಲ. ಹೀಗಾಗಿ ಎಸಿ ಹಾಕಿಸಬೇಕೆಂದಿದ್ದೇನೆ. ಒಬ್ಬ ಮೆಕ್ಯಾನಿಕ್ ‘ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ತೆಗೆದುಬಿಡಿ, ದೊಡ್ಡ ರೇಡಿಯೇಟರ್ ಹಾಕಿ, ಸಾಕು’ ಎನ್ನುತ್ತಾರೆ. ಇನ್ನೊಬ್ಬರು ‘ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪದರ) ಸುಡುವುದು ಖಂಡಿತ’ ಎನ್ನುತ್ತಾರೆ. ಈಗಲೂ ರೈಲ್ವೆ ಗೇಟಿನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ, ಹೊರಟ ಮೇಲೆ ಇಳಿಯುತ್ತದೆ. ಯಾರ ಮಾತು ಕೇಳಲಿ?

ಧಾರವಾಡ ಗ್ಯಾರೇಜು: ಎರಡನೆಯವರ ಮಾತು ಕೇಳಿ. ಈ ಎಂಜಿನ್‌ನ ಶಕ್ತಿಯೇ 50 ಅಶ್ವಶಕ್ತಿಯ ಆಸುಪಾಸು, ಅದೂ ಹೊಸದಿದ್ದಾಗ. ಎಸಿ ಗ್ಯಾಸನ್ನು ಒತ್ತುವ ಕಂಪ್ರೆಸರ್ ಅದರಲ್ಲಿ ಮೂರರಿಂದ ಐದನ್ನು ತಿಂದುಹಾಕುತ್ತದೆ. ಮೇಲೆ ರೇಡಿಯೇಟರ್ ಮುಂದೆ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ನಿಲ್ಲಿಸಿದರೆ ಅದು ಉಗುಳಿದ ಬಿಸಿಯೇ ರೇಡಿಯೇಟರ್‌ಗೆ ಉಸಿರು. ಇಷ್ಟು ವರ್ಷ ಜೋಪಾನ ಮಾಡಿದ ಗಾಡಿಗೆ ಈ ಹೊರೆ ಏಕೆ? ಬಾಗಿಲಿನ ತ್ರಿಕೋನ ಗಾಜು ತೆರೆದು, ಬೆಳಗಿನ ಹೊತ್ತು ಹೊರಡಿ.

ಎಸಿ ಕೆಲಸದವನು, ದಾವಣಗೆರೆ: ಹೊರೆಯ ಲೆಕ್ಕ ಸರಿ ಇದೆ ಸರ್, ತೀರ್ಮಾನ ಸರಿ ಇಲ್ಲ. ಬಳ್ಳಾರಿಯವರ ಪ್ರಶ್ನೆಯಲ್ಲೇ ಉತ್ತರವಿದೆ. ನಿಂತಾಗ ಬಿಸಿಯೇರಿ ಓಡುವಾಗ ಇಳಿದರೆ ಕೊರತೆ ಗಾಳಿಯದು. ಓಡುವಾಗಲೇ, ಏರಿನಲ್ಲಿ ಅಥವಾ 70–80ರ ವೇಗದಲ್ಲಿ ಏರಿದರೆ ಆಗ ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪ್, ಹಿಂದೆ ಬಿದ್ದ ಇಗ್ನಿಷನ್ ಟೈಮಿಂಗ್ (ಕಿಡಿ ತಡವಾಗಿ ಹಾರುವುದು), ಇವುಗಳ ಮೇಲೆ ಅನುಮಾನ ಪಡಬೇಕು. ನಿಮ್ಮದು ಮೊದಲನೆಯದು. ಇದಕ್ಕೆ ದೊಡ್ಡ ರೇಡಿಯೇಟರ್‌ಗಿಂತ ಮೊದಲು ಬೇಕಾದದ್ದು ಫ್ಯಾನಿನ ಸುತ್ತ ತಗಡಿನ ಕವಚ. ಕವಚವಿಲ್ಲದ ಫ್ಯಾನ್ ತನ್ನ ಎದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ರೇಡಿಯೇಟರ್‌ನ ನಾಲ್ಕು ಮೂಲೆಗಳು ಸುಮ್ಮನೆ ಕೂತಿರುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಬಾನೆಟ್ ಒಳಗಿನ ಬಿಸಿಗಾಳಿ ಪಕ್ಕದ ಸಂದುಗಳಿಂದ ಮುಂದಕ್ಕೆ ಸುತ್ತಿ ಬಂದು ಮತ್ತೆ ರೇಡಿಯೇಟರ್ ಒಳಗೇ ಹೋಗುತ್ತದೆ. ಆ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿ ಮುಚ್ಚಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಅಂಚನ್ನೂ ಮುಚ್ಚಿ, ಒಳಬಂದ ಗಾಳಿ ಎರಡನ್ನೂ ದಾಟಿಯೇ ಹೋಗುವಂತಿರಬೇಕು.

ಮೈಸೂರು ಮಾರ್ಕ್ 3: ಥರ್ಮೋಸ್ಟಾಟ್ ವಿಷಯಕ್ಕೆ ಬನ್ನಿ. ನಮ್ಮ ಕಡೆಯೂ ಎಲ್ಲರೂ ತೆಗೆದೇ ಓಡಿಸುತ್ತಾರೆ, ಏನೂ ಆಗಿಲ್ಲ. ಆದರೆ ನನ್ನ ಸೋದರಮಾವ, ಅವರೂ ಮೆಕ್ಯಾನಿಕ್, ತೆಗೆದರೆ ನೀರು ಜೋರಾಗಿ ಓಡಿ ರೇಡಿಯೇಟರ್‌ನಲ್ಲಿ ತಣಿಯಲು ಸಮಯ ಸಿಗುವುದಿಲ್ಲ ಎನ್ನುತ್ತಾರೆ.

ಎಸಿ ಕೆಲಸದವನು, ದಾವಣಗೆರೆ: ತೆಗೆಯಬಾರದು ಎಂಬುದು ಸರಿ, ಕಾರಣ ಅದಲ್ಲ. ನೀರು ಜೋರಾಗಿ ಹರಿದಷ್ಟೂ ಶಾಖ ಹೆಚ್ಚೇ ಹೋಗುತ್ತದೆ. ತೊಂದರೆ ಬೇರೆ ಕಡೆ. ಥರ್ಮೋಸ್ಟಾಟ್ ಒಡ್ಡುವ ತಡೆಯಿಂದ ಬ್ಲಾಕ್ ಒಳಗೆ ಪಂಪಿನ ಒತ್ತಡ ನಿಲ್ಲುತ್ತದೆ. ಆ ಒತ್ತಡದಿಂದ ಎಗ್ಸಾಸ್ಟ್ ವಾಲ್ವ್ ಸುತ್ತಲಿನ ಅತಿಬಿಸಿ ಜಾಗದಲ್ಲಿ ನೀರು ಗುಳ್ಳೆಯೇಳುವುದು ತಗ್ಗುತ್ತದೆ. ಥರ್ಮೋಸ್ಟಾಟ್ ತೆಗೆದ ಗಾಡಿ ಬೆಳಿಗ್ಗೆ ಬಹಳ ಹೊತ್ತು ತಣ್ಣಗೇ ಓಡಿ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಕೆಡುತ್ತದೆ, ಸಿಲಿಂಡರ್ ಬೋರ್ ಸವೆಯುತ್ತದೆ. ಗೇಟಿನಲ್ಲಿ ನಿಂತಾಗಲಂತೂ ತೆಗೆದದ್ದರಿಂದ ಏನೂ ಲಾಭವಿಲ್ಲ, ಏಕೆಂದರೆ ಇದ್ದರೂ ಆ ಹೊತ್ತಿಗೆ ಥರ್ಮೋಸ್ಟಾಟ್ ತೆರೆದೇ ಇರುತ್ತದೆ. 82 ಡಿಗ್ರಿಗೆ ತೆರೆಯುವುದನ್ನು ಹಾಕಿಸಿ.

ಕೊಪ್ಪಳದ ರೇಡಿಯೇಟರ್: ಒಂದು ಮಾತು ಸೇರಿಸುತ್ತೇನೆ, ಇದನ್ನು ಯಾರೂ ಹೇಳಲಿಲ್ಲ. ಅದು ನಮ್ಮ ಬೋರ್‌ವೆಲ್ ನೀರು. ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪೊರೆಯೇ ಎಂಜಿನ್ ಒಳಗೂ ಕಟ್ಟುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಬ್ಲಾಕಿನ ಪಕ್ಕದಲ್ಲಿರುವ ಡ್ರೈನ್ ನಲ್ಲಿಯನ್ನು ತಿರುಗಿಸಿ ನೋಡಿ. ಇಂಥ ಹಳೆಯ ಎಂಜಿನ್‌ಗಳಲ್ಲಿ ಬಹುಪಾಲು ಒಂದು ಹನಿಯೂ ಬೀಳುವುದಿಲ್ಲ. ತಂತಿ ತೂರಿಸಿ ಕೆದಕಿದರೆ ಮೊದಲು ಕಂದು ಕೆಸರು, ಆಮೇಲೆ ತುಕ್ಕಿನ ಚಕ್ಕೆ, ಕೊನೆಗೆ ನೀರು. ಆ ಕೆಸರು ಹೆಚ್ಚಾಗಿ ಕೂರುವುದು ಹಿಂದಿನ ನಾಲ್ಕನೇ ಸಿಲಿಂಡರ್ ಸುತ್ತ. ಮುಳ್ಳು ಸರಿಯಾಗಿ ತೋರಿಸುತ್ತಿದ್ದರೂ ಆ ಸಿಲಿಂಡರ್ ಒಳಗೊಳಗೇ ಬೇಯುತ್ತಿರುತ್ತದೆ. ಅದನ್ನು ತೊಳೆಯದೆ ಎಸಿ ಹಾಕಿಸುವುದು ಅನ್ಯಾಯ. ತೊಳೆದ ಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಮಾತ್ರ ಹಾಕಿ. ರೇಡಿಯೇಟರ್ ಕ್ಯಾಪಿನ ರಬ್ಬರ್ ಕೂಡ ನೋಡಿ. ಕ್ಯಾಪ್ ಹಿಡಿದಿಡುವ ಒಂದೊಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡಕ್ಕೆ ನೀರಿನ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ.

ಮಂಗಳೂರು ಮಳೆ: ನಮ್ಮಲ್ಲಿ ಬಿಸಿಲಿಗಿಂತ ತೇವಾಂಶದ ಕಾಟ. ಎಸಿ ಇಲ್ಲದೆ ಮಳೆಗಾಲದಲ್ಲಿ ಗಾಜಿನ ಮಂಜು ಒರೆಸುವುದೇ ಕೆಲಸ. ಹಾಕಿಸಿ, ಹಿಂಜರಿಯಬೇಡಿ.

ಬೆಂಗಳೂರು ಇಸುಜು: ಇಷ್ಟೆಲ್ಲ ಕಷ್ಟ ಏಕೆ? ಆಮೇಲೆ ಬಂದ ಅಂಬಾಸಿಡರ್‌ಗಳ 1.8 ಲೀಟರ್ ಇಸುಜು ಎಂಜಿನ್ ಕೂರಿಸಿ. ಎಸಿ ಹೊರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಧಾರವಾಡ ಗ್ಯಾರೇಜು: ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಅದಿರಲಿ, ಅಪ್ಪ ಓಡಿಸಿದ ಎಂಜಿನ್ ತೆಗೆದಮೇಲೆ ಉಳಿಯುವುದು ಡಬ್ಬ ಮಾತ್ರ. ಅದಕ್ಕಿಂತ ಎಸಿಯೇ ವಾಸಿ.

ಬಳ್ಳಾರಿ ಬಿಳಿಗಾಡಿ: ಎಂಜಿನ್ ಬದಲಿಸುವ ಮಾತೇ ಇಲ್ಲ. ಕರೆಂಟ್ ಕೊಡಲು ಗಾಡಿಯಲ್ಲಿ ಡೈನಮೋ ಇದೆ, ಎಸಿಗೆ ಅದು ಸಾಕೇ?

ಎಸಿ ಕೆಲಸದವನು, ದಾವಣಗೆರೆ: ಖಂಡಿತ ಸಾಲದು. ಅದು ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನ ತಿರುಗುವಾಗ) ಏನೂ ಇಲ್ಲವೆನ್ನುವಷ್ಟು ಕಡಿಮೆ. ಬ್ಲೋವರ್, ಕಂಡೆನ್ಸರ್ ಫ್ಯಾನ್, ಕಂಪ್ರೆಸರ್ ಕ್ಲಚ್, ರಾತ್ರಿ ಹೆಡ್‌ಲೈಟ್ ಸೇರಿದರೆ ಬ್ಯಾಟರಿ ಮಲಗುತ್ತದೆ. ಆಲ್ಟರ್ನೇಟರ್ ಹಾಕಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಇಡಿಸಿ. ಎಸಿ ಹಾಕಿದಾಗ ಐಡಲ್ ಬೀಳದಂತೆ ಕಾರ್ಬುರೇಟರ್‌ಗೆ ವ್ಯಾಕ್ಯೂಮ್‌ನಿಂದ ಎಳೆಯುವ ಐಡಲ್-ಅಪ್ ಬೇಕು. ಐಡಲ್ ಬಿದ್ದರೆ ಫ್ಯಾನೂ ನಿಧಾನ, ಪಂಪೂ ನಿಧಾನ. ಬಿಸಿಯೇರುವುದು ಅಲ್ಲಿಂದಲೇ.

ಕಂಡೆನ್ಸರ್ ಪ್ಯಾರಲಲ್ ಫ್ಲೋ (ಗ್ಯಾಸ್ ಹಲವು ಕೊಳವೆಗಳಲ್ಲಿ ಒಟ್ಟಿಗೆ ಹರಿಯುವ) ಮಾದರಿಯದೇ ಇರಲಿ. ಆರ್134ಎ ಗ್ಯಾಸನ್ನು ತೂಕ ಮಾಡಿಯೇ ತುಂಬಿಸಿ. ‘ಇನ್ನೂ ಸ್ವಲ್ಪ ಹಾಕೋಣ, ತಣ್ಣಗಾಗುತ್ತದೆ’ ಎನ್ನುವವರನ್ನು ತಡೆಯಿರಿ. ಗ್ಯಾಸ್ ಹೆಚ್ಚಾದರೆ ಒತ್ತಡ ಹೆಚ್ಚು, ಕಂಪ್ರೆಸರ್ ಹೊರೆ ಹೆಚ್ಚು, ಎಂಜಿನ್ ಬಿಸಿ ಹೆಚ್ಚು. ನಿಮ್ಮ ಬಿಸಿಲಿನಲ್ಲಿ ಗಾಡಿ ನಿಂತಿರುವಾಗ ಹೈ ಸೈಡ್ ಗೇಜ್ (ಕಂಪ್ರೆಸರ್ ದಾಟಿದ ಗ್ಯಾಸಿನ ಒತ್ತಡ ತೋರುವುದು) 300 ಪಿಎಸ್‌ಐ ದಾಟುತ್ತಿದ್ದರೆ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಗ್ಯಾಸ್ ಹೆಚ್ಚಾಗಿದೆ.

ಬಳ್ಳಾರಿ ಬಿಳಿಗಾಡಿ: ಹಾಗಾದರೆ ಮೊದಲು ಡ್ರೈನ್ ನಲ್ಲಿ, ಆಮೇಲೆ ಕವಚ. ಎಸಿ ಮಾತು ಅವೆರಡೂ ಮುಗಿದು, ಗೇಟಿನಲ್ಲಿ ಮುಳ್ಳು ಅಲುಗದೆ ನಿಂತ ಮೇಲೆ. ಕವಚ ಫ್ಯಾನಿಗೆ ಎಷ್ಟು ಹತ್ತಿರ ಇರಬೇಕು?

ಕೊಪ್ಪಳದ ರೇಡಿಯೇಟರ್: ರೆಕ್ಕೆಯ ತುದಿಯಿಂದ ಸುತ್ತಲೂ ಅರ್ಧದಿಂದ ಮುಕ್ಕಾಲು ಇಂಚು. ಅದಕ್ಕಿಂತ ಬಿಗಿ ಮಾಡಿದರೆ ಮೌಂಟಿಂಗ್ ಮೇಲೆ ಎಂಜಿನ್ ಅಲುಗಿದಾಗ ರೆಕ್ಕೆ ತಗಡಿಗೆ ಬಡಿಯುತ್ತದೆ. ರೆಕ್ಕೆಯ ಅಗಲದಲ್ಲಿ ಅರ್ಧ ಕವಚದ ಒಳಗೆ, ಅರ್ಧ ಹೊರಗೆ ಇರಲಿ.

ಧಾರವಾಡ ಗ್ಯಾರೇಜು: ಈ ಕ್ರಮದಲ್ಲಿ ಮಾಡುವುದಾದರೆ ನನ್ನ ವಿರೋಧ ಅರ್ಧ ಇಳಿಯಿತು, ಪೂರ್ತಿ ಅಲ್ಲ. ಡ್ಯಾಶ್‌ಬೋರ್ಡ್ ಮಾತ್ರ ಕೊಯ್ಯಿಸಬೇಡಿ. ಅದರ ಕೆಳಗೆ ತೂಗುವ ಯೂನಿಟ್ ಸಿಗುತ್ತದೆ, ಅದನ್ನೇ ಹಾಕಿಸಿ. ಎಂಜಿನ್ ಕಡೆಯ ಗೋಡೆಯಲ್ಲಿ ವೈರು, ಕೇಬಲ್ ಹಾಯುವ ತೂತುಗಳ ರಬ್ಬರ್‌ಗಳನ್ನೂ ಅದೇ ದಿನ ಬದಲಿಸಿ. ಅವು ಬಿರುಕು ಬಿಟ್ಟಿದ್ದರೆ ಬಾನೆಟ್ಟಿನ ಬಿಸಿ ನೇರ ಅಪ್ಪನವರ ಕಾಲಿಗೆ ಬಡಿಯುತ್ತದೆ.