‘ವಾವ್’ ಎಂದರೆ ಮೆಚ್ಚುಗೆಯೇ?

ಪ್ರಶ್ನೆ: ಮಾನ್ಯರೇ, ನಮ್ಮ ತಂಡದ ಮೂವರು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡ ವಿಷಯವನ್ನು ಇಂಗ್ಲಿಷ್ ಮನೆಮಾತಿನ ಸಹೋದ್ಯೋಗಿಯೊಬ್ಬರಿಗೆ ಬರೆದಾಗ, ಅವರಿಂದ ‘ವಾವ್’ ಎಂಬ ಒಂದೇ ಪದದ ಉತ್ತರ ಬಂತು. ಇದು ವ್ಯಂಗ್ಯವೇ? ಈ ಪದವು ನಮ್ಮ ‘ವಾಹ್’ನಿಂದಲೇ ಹೋದದ್ದೇ?

ಉತ್ತರ: ನಮಸ್ಕಾರ. ವ್ಯಂಗ್ಯವಿರಲಾರದು. ‘ವಾಹ್’ ಪಾರಸಿಯಿಂದ ಹಿಂದೂಸ್ತಾನಿಯ ಮೂಲಕ ನಮಗೆ ಬಂದ ಪ್ರಶಂಸೆಯ ಉದ್ಗಾರ. ‘ವಾವ್’ ಸ್ಕಾಟ್‌ಲೆಂಡಿನದು, 1513ರಲ್ಲಿ ಅಲ್ಲಿನ ಕವಿ ಗೇವಿನ್ ಡಗ್ಲಸ್ ಮುಗಿಸಿದ, ರೋಮನ್ ಕವಿ ವರ್ಜಿಲನ ಮಹಾಕಾವ್ಯದ ಅನುವಾದದಲ್ಲೇ ಅದು ಕಾಣಸಿಗುತ್ತದೆ. ಉಚ್ಚಾರ ಹತ್ತಿರವಾದ್ದರಿಂದ ನಾವು ಎರಡನ್ನೂ ಒಂದೆಂದು ತಿಳಿದು, ‘ವಾವ್’ ಕೇಳಿದೊಡನೆ ಹೊಗಳಿಕೆಯನ್ನು ನಿರೀಕ್ಷಿಸುತ್ತೇವೆ. ಆದರೆ ಅದರ ತಿರುಳು ಬೆರಗು ಮಾತ್ರ. ಸಂತೋಷದ ಬೆರಗೋ ಆಘಾತದ ಬೆರಗೋ ಎಂಬುದನ್ನು ಸಂದರ್ಭವೂ ದನಿಯೂ ಹೇಳಬೇಕು.

ಬರಿಯ ಬೆರಗಿಗೆ ಒಂದು ಉದಾಹರಣೆ ನೋಡಿ. 1977ರ ಆಗಸ್ಟ್ 15ರಂದು ಅಮೆರಿಕದ ಓಹಾಯೋದಲ್ಲಿದ್ದ ‘ಬಿಗ್ ಇಯರ್’ ರೇಡಿಯೊ ದೂರದರ್ಶಕಕ್ಕೆ 72 ಸೆಕೆಂಡುಗಳ ಪ್ರಬಲ ಸಂಕೇತವೊಂದು ಸಿಕ್ಕಿತು. ಕೆಲವು ದಿನಗಳ ನಂತರ ಅದರ ಮುದ್ರಿತ ಹಾಳೆಗಳನ್ನು ನೋಡುತ್ತಿದ್ದ ಖಗೋಳವಿಜ್ಞಾನಿ ಜೆರ್ರಿ ಎಮನ್, ಅಂಕಿ ಅಕ್ಷರಗಳ ಒಂದು ಸಾಲಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ‘ವಾವ್!’ ಎಂದು ಬರೆದರು. ಅವರು ಯಾರನ್ನೂ ಹೊಗಳುತ್ತಿರಲಿಲ್ಲ, ಬೆರಗಾಗಿದ್ದರು, ಅಷ್ಟೇ. ಆ ಸಂಕೇತಕ್ಕೆ ಇಂದಿಗೂ ಅದೇ ಹೆಸರು.

ಮೆಚ್ಚುಗೆಯ ಅರ್ಥ ಗಟ್ಟಿಯಾಗಿ ನಿಂತಿರುವುದು ಅದು ಕ್ರಿಯಾಪದವಾದಾಗ: ‘ಶಿ ವಾವ್ಡ್ ದಿ ಆಡಿಯನ್ಸ್’ ಎಂದರೆ ಆಕೆ ಸಭಿಕರನ್ನು ಬೆರಗುಗೊಳಿಸಿ ಗೆದ್ದಳು ಎಂದೇ. (ಧ್ವನಿಮುದ್ರಣದವರ ಬಾಯಲ್ಲಿ ‘ವಾವ್’ ಎಂದರೆ ಗ್ರಾಮಫೋನ್ ತಟ್ಟೆಯೋ ಟೇಪೋ ಸಮವೇಗದಲ್ಲಿ ತಿರುಗದೆ ಸ್ವರ ನಿಧಾನವಾಗಿ ಏರಿಳಿಯುವ ದೋಷ, ಅಲ್ಲಿ ಮೆಚ್ಚುಗೆಯ ಮಾತೇ ಇಲ್ಲ.)

ಮರುಪ್ರಶ್ನೆ: ಧನ್ಯವಾದಗಳು. ಕಚೇರಿಯ ವರದಿಯಲ್ಲಿ ಇದನ್ನು ಬಳಸಬಹುದೇ? ಕನ್ನಡಕ್ಕೆ ತರುವಾಗ ಏನೆನ್ನಬೇಕು?

ಉತ್ತರ: ವರದಿಯಲ್ಲಿ ಬೇಡ, ಅದು ಆಡುಮಾತಿನ ಪದ. ಕೆಟ್ಟ ಸುದ್ದಿಗೆ ಬರೆಯುವ ಉತ್ತರದಲ್ಲಂತೂ ಅದನ್ನು ಒಂಟಿಯಾಗಿ ಬಿಡಬಾರದು, ಏಕೆಂದರೆ ಬರಹದಲ್ಲಿ ದನಿ ಕೇಳಿಸುವುದಿಲ್ಲ. ನಿಮ್ಮ ಸಹೋದ್ಯೋಗಿ ‘ಕೇಳಿ ಬೇಸರವಾಯಿತು’ ಎಂದು ಸೇರಿಸಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕನ್ನಡದಲ್ಲಿ ‘ಭಲೇ’, ‘ಆಹಾ’ಗಳಿಗಿಂತ ‘ಅಬ್ಬಾ’ ಹೆಚ್ಚು ಒಪ್ಪುತ್ತದೆಂದು ನನ್ನ ಅನಿಸಿಕೆ. ‘ಅಬ್ಬಾ, ಎಷ್ಟು ಚೆಂದ’ ಎಂದೂ ‘ಅಬ್ಬಾ, ಮೂವರೂ ಒಟ್ಟಿಗೇ?’ ಎಂದೂ ನಾವು ಅನ್ನುತ್ತೇವಲ್ಲ.