ದೇಶಗಳ ವಿಜ್ಞಾನ ಲೇಖನಗಳ ಹೋಲಿಕೆ: ಎರಡು ಕೋಷ್ಟಕಗಳು ತಾಳೆಯಾಗದಿರುವುದೇಕೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ)

ನಮಸ್ಕಾರ. 1996ರಿಂದ 2022ರವರೆಗೆ ಭಾರತ, ಚೀನಾ, ಜಪಾನ್ ಮತ್ತು ಅಮೆರಿಕಗಳಿಂದ ಪ್ರಕಟವಾದ ವಿಜ್ಞಾನ ಲೇಖನಗಳನ್ನು ಹೋಲಿಸುವ ನಕ್ಷೆಯೊಂದನ್ನು ವಿಭಾಗದ ಸೆಮಿನಾರಿಗಾಗಿ ಸಿದ್ಧಪಡಿಸುತ್ತಿದ್ದೇನೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ವರದಿಯಲ್ಲಿ 2022ಕ್ಕೆ ಚೀನಾದ್ದು ಸುಮಾರು 9 ಲಕ್ಷ, ಅಮೆರಿಕದ್ದು 4.57 ಲಕ್ಷ, ಭಾರತದ್ದು 2.07 ಲಕ್ಷ ಲೇಖನಗಳೆಂದಿದೆ. ದೇಶವಾರು ಲೇಖನಗಳ ಲೆಕ್ಕ ಕೊಡುವ ಸಿಮಾಗೋ ಜಾಲತಾಣದಲ್ಲಿ ಭಾರತದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಎರಡಕ್ಕೂ ಮೂಲ ಸ್ಕೋಪಸ್ (ಸಂಶೋಧನಾ ಲೇಖನಗಳ ಬೃಹತ್ ಸೂಚಿ) ದತ್ತಾಂಶವೇ ಆಗಿರುವಾಗ ಇಷ್ಟು ಅಂತರ ಹೇಗೆ ಬರುತ್ತದೆ? ಚೀನಾ ಅಮೆರಿಕವನ್ನು ಹಿಂದಿಕ್ಕಿದ್ದು 2016ರಲ್ಲಿ ಎಂದು ಮೊದಲನೆಯದು ಹೇಳಿದರೆ, ಎರಡನೆಯದರಲ್ಲಿ ಅದು ಕೆಲವು ವರ್ಷ ತಡವಾಗಿ ಕಾಣಿಸುತ್ತದೆ. ಯಾವುದನ್ನು ಬಳಸಲಿ?

ಉತ್ತರ (ವಿಶ್ವವಿದ್ಯಾಲಯದ ಗ್ರಂಥಪಾಲಕ)

ಎರಡೂ ಸರಿಯೇ, ಆದರೆ ಎಣಿಸುವ ಕ್ರಮ ಬೇರೆ. ಐವರು ಬರೆದ ಲೇಖನವೊಂದರಲ್ಲಿ ಮೂವರು ಭಾರತದವರು, ಇಬ್ಬರು ಜರ್ಮನಿಯವರು ಎಂದುಕೊಳ್ಳಿ. ಸಿಮಾಗೋ ಅನುಸರಿಸುವ ಪೂರ್ಣ ಎಣಿಕೆಯಲ್ಲಿ ಎರಡೂ ದೇಶಗಳಿಗೆ ಒಂದೊಂದು ಲೇಖನ ಸಲ್ಲುತ್ತದೆ. ಪ್ರತಿಷ್ಠಾನದ ಪಾಲು ಎಣಿಕೆಯಲ್ಲಿ ಭಾರತಕ್ಕೆ 0.6, ಜರ್ಮನಿಗೆ 0.4. ಹೀಗಾಗಿ ಪೂರ್ಣ ಎಣಿಕೆಯಲ್ಲಿ ದೇಶಗಳನ್ನೆಲ್ಲ ಕೂಡಿದರೆ ಜಗತ್ತಿನ ಒಟ್ಟು ಲೇಖನಗಳಿಗಿಂತ ಹೆಚ್ಚೇ ಬರುತ್ತದೆ. ಹಿಗ್ಸ್ ಕಣದ ದ್ರವ್ಯರಾಶಿಯ ಕುರಿತು 2015ರಲ್ಲಿ ಪ್ರಕಟವಾದ ಲೇಖನಕ್ಕೆ 5,154 ಲೇಖಕರಿದ್ದರು. 33 ಪುಟಗಳಲ್ಲಿ 24 ಪುಟ ಬರೀ ಹೆಸರುಗಳೂ ಸಂಸ್ಥೆಗಳೂ! ಪೂರ್ಣ ಎಣಿಕೆಯಲ್ಲಿ ಅದರೊಳಗೆ ಹೆಸರಿರುವ ಪ್ರತಿ ದೇಶಕ್ಕೂ ಇಡೀ ಒಂದು ಲೇಖನ ದಕ್ಕುತ್ತದೆ. ಅಮೆರಿಕದ ಲೇಖನಗಳಲ್ಲಿ ವಿದೇಶಿ ಸಹಲೇಖಕರ ಪ್ರಮಾಣ ಚೀನಾದ್ದಕ್ಕಿಂತ ಬಹಳ ಹೆಚ್ಚಾಗಿರುವುದರಿಂದ ಪೂರ್ಣ ಎಣಿಕೆ ಅಮೆರಿಕಕ್ಕೆ ಅನುಕೂಲಕರ. ನೀವು ಕಂಡ ತಡಕ್ಕೆ ಮುಖ್ಯ ಕಾರಣ ಅದೇ. ಇದಲ್ಲದೆ ಸಿಮಾಗೋ ಮಾನವಿಕ ವಿಷಯಗಳನ್ನೂ ಸಂಪಾದಕೀಯ, ಪತ್ರಗಳಂಥ ಬರಹಗಳನ್ನೂ ಸೇರಿಸಿಕೊಳ್ಳುತ್ತದೆ.

ಉತ್ತರ (ನಿವೃತ್ತ ಭೌತಶಾಸ್ತ್ರ ಅಧ್ಯಾಪಕ)

ಗ್ರಂಥಪಾಲಕರ ಮಾತಿಗೆ ಒಂದು ಸೇರ್ಪಡೆ. ದೀರ್ಘಾವಧಿಯ ಹೋಲಿಕೆಯಲ್ಲಿ ಅಳತೆಗೋಲೇ ಬೆಳೆಯುತ್ತಿರುತ್ತದೆ. ಸ್ಕೋಪಸ್ ಆರಂಭವಾದದ್ದು 2004ರಲ್ಲಿ. ಅಂದಿನಿಂದ ಅದಕ್ಕೆ ಪತ್ರಿಕೆಗಳು ಸೇರುತ್ತಲೇ ಇವೆ. ಹಳೆಯ ಭಾರತೀಯ ಪತ್ರಿಕೆಯೊಂದು ಈ ವರ್ಷ ಪಟ್ಟಿಗೆ ಸೇರಿದರೆ, ಯಾರೂ ಒಂದು ಸಾಲು ಹೆಚ್ಚಿಗೆ ಬರೆಯದಿದ್ದರೂ ನಿಮ್ಮ ನಕ್ಷೆಯ ಗೆರೆ ಮೇಲೇರುತ್ತದೆ.

ಇದರ ವಿರುದ್ಧ ದಿಕ್ಕಿನ ಅನುಭವವೂ ನಮಗಿದೆ. ಯೂಜೀನ್ ಗಾರ್ಫೀಲ್ಡ್ ಅವರು 1960ರ ದಶಕದಲ್ಲಿ ಆರಂಭಿಸಿದ ಸೈನ್ಸ್ ಸೈಟೇಷನ್ ಇಂಡೆಕ್ಸ್‌ನಲ್ಲಿ 1980ರಿಂದ 2000ರ ನಡುವೆ ಭಾರತದ ಲೇಖನಗಳು ಇಳಿದವೆಂದು ಸುಬ್ಬಯ್ಯ ಅರುಣಾಚಲಂ ಅವರು 2002ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಆದರೆ ಅದೇ ಅವಧಿಯಲ್ಲಿ ಆ ಸೂಚಿಯೊಳಗಿದ್ದ ಭಾರತೀಯ ಪತ್ರಿಕೆಗಳೂ ಕಡಿಮೆಯಾಗಿದ್ದವು. ಇಳಿದದ್ದರಲ್ಲಿ ವಿಜ್ಞಾನವೆಷ್ಟು, ಪಟ್ಟಿಯೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದ ಬರಿಯ ಸಂಖ್ಯೆಗಿಂತ ಜಗತ್ತಿನ ಒಟ್ಟು ಲೇಖನಗಳಲ್ಲಿ ಪ್ರತಿ ದೇಶದ ಶೇಕಡಾವಾರು ಪಾಲನ್ನು ತೋರಿಸುವುದು ಮೇಲು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಜಾಗತಿಕ ಪಾಲಿನ ಲೆಕ್ಕದಲ್ಲಿ ಬರೆದು ನೋಡಿದೆ ಸರ್. ಈಗ ಜಪಾನ್ ಪೂರ್ತಿ ಕುಸಿದಂತೆ ಕಾಣುತ್ತಿದೆ. ಅದು ನ್ಯಾಯವೇ?

ಉತ್ತರ (ವಿಜ್ಞಾನ ನೀತಿಯ ಓದುಗ)

ನ್ಯಾಯವಲ್ಲ, ಹಾಗೆಂದು ಪೂರ್ತಿ ಸುಳ್ಳೂ ಅಲ್ಲ. ಜಪಾನಿನ ಲೇಖನಗಳ ಸಂಖ್ಯೆ 2000ದ ದಶಕದಿಂದೀಚೆಗೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ; ಪಾಲು ಕುಗ್ಗಲು ಮುಖ್ಯವಾಗಿ ಚೀನಾದ ಏರಿಕೆ ಕಾರಣ. ಆದರೂ ಎಲ್ಲರೂ ಓಡುತ್ತಿರುವಾಗ ನಿಂತಿರುವುದಕ್ಕೂ ಕಾರಣಗಳುಂಟು: 2004ರಲ್ಲಿ ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳು ನಿಗಮಗಳಾದ ಮೇಲೆ ಸರ್ಕಾರ ನಿರ್ವಹಣಾ ಅನುದಾನವನ್ನು ವರ್ಷವರ್ಷ ಕಡಿಮೆ ಮಾಡುತ್ತ ಬಂದಿತು. ಅಧ್ಯಾಪಕರ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಂಖ್ಯೆ ಮತ್ತು ಪಾಲು ಎರಡನ್ನೂ ಅಕ್ಕಪಕ್ಕದಲ್ಲಿ ಕೊಡಿ.

ಗೆರೆಗಳ ಮೇಲೆ ನಿಯಮ ಬದಲಾದ ವರ್ಷಗಳನ್ನೂ ಗುರುತಿಸಿದರೆ ಇನ್ನೂ ಚೆನ್ನ. ಚೀನಾದಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್‌ನಂಥ ಸೂಚಿಯಲ್ಲಿರುವ ಪತ್ರಿಕೆಗಳಲ್ಲಿ ಬರೆದವರಿಗೆ ಸಂಸ್ಥೆಗಳು ನಗದು ಬಹುಮಾನ ಕೊಡುತ್ತಿದ್ದವು. 2020ರಲ್ಲಿ ಸಚಿವಾಲಯಗಳು ಅದನ್ನು ನಿಲ್ಲಿಸಲು ಸೂಚಿಸಿದವು. ನಮ್ಮಲ್ಲಿ ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಯುಜಿಸಿ ನಿಯಮ 2009ರಿಂದ ಇತ್ತು, 2022ರಲ್ಲಿ ಸಡಿಲವಾಯಿತು. ನೀವೂ ಆ ನಿಯಮಕ್ಕಾಗಿಯೇ ಒಂದೆರಡು ಲೇಖನ ಬರೆದವರಿರಬಹುದು!

ಉತ್ತರ (ವಿಶ್ವವಿದ್ಯಾಲಯದ ಗ್ರಂಥಪಾಲಕ)

ಕೊನೆಗೆ ಒಂದು ಸಣ್ಣ ಸೂಚನೆ, ಮೇಡಂ. ಸ್ಕೋಪಸ್‌ಗೆ ಹಿಂದಿನ ವರ್ಷಗಳ ಲೇಖನಗಳು ತಡವಾಗಿಯೂ ಸೇರುತ್ತಿರುತ್ತವೆ. ನಕ್ಷೆಯ ಅಡಿಯಲ್ಲಿ ಎಣಿಕೆಯ ಕ್ರಮದ ಜೊತೆಗೆ ದತ್ತಾಂಶ ಇಳಿಸಿಕೊಂಡ ದಿನಾಂಕವನ್ನೂ ಬರೆಯಿರಿ. ಇಲ್ಲದಿದ್ದರೆ ಸೆಮಿನಾರಿನ ದಿನ ಯಾರಾದರೂ ಮೊಬೈಲಿನಲ್ಲಿ ಬೇರೆ ಸಂಖ್ಯೆ ತೋರಿಸುತ್ತಾರೆ.